ಕೋಳಿಗೂ ಒಂದು ಲಸಿಕೆ ದಿನ ಬೇಕು

ಹಕ್ಕಿಜ್ವರ ಅಂತ ಟಿವಿಯಲ್ಲಿ ಬಂದರೆ ಸಾಕು, ಚಿಕನ್ ಅಂಗಡಿಗಳು ಭಣಗುಡುತ್ತವೆ. ಆದರೆ ನಮ್ಮ ಹಿತ್ತಲ ನಾಟಿ ಕೋಳಿಗಳನ್ನು ಗುಡಿಸಿ ಹಾಕೋದು ಹೆಚ್ಚಾಗಿ ಕೊಕ್ಕರೆ ರೋಗ. ಡಾಕ್ಟರು ರಾಣಿಖೇತ್ ಅಂತಾರೆ. ಅದಕ್ಕೆ ಯಾವ ಚಾನೆಲ್ಲಿನವರೂ ಕ್ಯಾಮೆರಾ ಹಿಡಿದು ಬರಲ್ಲ.

ಬೆಳಿಗ್ಗೆ ಗೂಡು ತೆಗೆದರೆ ಒಂದು ಹ್ಯಾಟೆ ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ತೂಕಡಿಸ್ತಿರುತ್ತೆ. ಬಾಯಿ ತೆರೆದು ಗೊರಗೊರ ಉಸಿರು, ಹಸಿರು ಬೇಧಿ. ಹೇಗೋ ಬದುಕಿದ್ದು ಕತ್ತು ತಿರುಚಿಕೊಂಡು ಓಡಾಡುತ್ತೆ. ಆಗ ಶುರು ನೋಡಿ ಬೆಳ್ಳುಳ್ಳಿ, ಅರಿಶಿನ, ಮೆಡಿಕಲ್ ಶಾಪಿಂದ ತಂದ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಹಾಕೋದು. ಇದು ವೈರಸ್ಸು, ಕ್ಯಾಪ್ಸೂಲಿಗೆಲ್ಲ ಜಗ್ಗಲ್ಲ. ಬಂದ ಮೇಲೆ ಔಷಧಿ ಇಲ್ಲ, ಬರೋಕೆ ಮುಂಚೆ ಲಸಿಕೆ ಇದೆ.

ಮರಿಗೆ 5ರಿಂದ 7 ದಿನ ಆದಾಗ ಕಣ್ಣಿಗೋ ಮೂಗಿಗೋ ಒಂದು ಹನಿ. 4 ವಾರಕ್ಕೆ ಲಸೋಟಾ ಅನ್ನೋ ಲಸಿಕೆ. 6ರಿಂದ 8 ವಾರದ ಹೊತ್ತಿಗೆ ರೆಕ್ಕೆ ಕೆಳಗೆ ಸೂಜಿ. ದುಬಾರಿಯೂ ಅಲ್ಲ. ತೊಡಕಿರೋದು ಬಾಟಲಿಯ ಅಳತೆಯಲ್ಲಿ. ಒಂದು ವಯಲ್ ಅಂದರೆ ಸಾಮಾನ್ಯವಾಗಿ 100 ಡೋಸು ಅಥವಾ ಇನ್ನೂ ಜಾಸ್ತಿ. ತಣ್ಣಗೆ ಇಟ್ಟಿರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಎಂಟು ಕೋಳಿ ಸಾಕಿರೋ ಹೆಂಗಸು ಹೋಗಿ ಕೇಳಿದರೆ, "ಎಂಟು ಕೋಳಿಗೆ ಇಡೀ ವಯಲ್ ಒಡೆಯೋದು ಹೇಗಮ್ಮ?" ಅನ್ನದೆ ಆಸ್ಪತ್ರೆಯವರು ಇನ್ನೇನು ಹೇಳ್ತಾರೆ!

ಹಸುವಿನ ಕಾಲುಬಾಯಿ ಜ್ವರಕ್ಕೆ ವರ್ಷಕ್ಕೆ ಎರಡು ಸುತ್ತು, ಪುಕ್ಕಟೆ, ಮನೆ ಬಾಗಿಲಿಗೇ ಲಸಿಕೆ ಬರುತ್ತೆ. ಕೋಳಿ ಹೆಂಗಸರ ಬಾಬ್ತು, ಅದಕ್ಕೇ ಯಾರ ಲೆಕ್ಕಕ್ಕೂ ಇಲ್ಲ ಅನ್ನೋದು ನನ್ನ ಗುಮಾನಿ. ಸಂಘದ ಕಂತು, ಮಕ್ಕಳ ನೋಟ್‌ಬುಕ್ಕು ಮೊಟ್ಟೆ ದುಡ್ಡಲ್ಲೇ ನಡೆಯೋ ಮನೆ ಎಷ್ಟಿಲ್ಲ? ಬೀದಿಗೊಂದು ದಿನ ಗೊತ್ತು ಮಾಡಿ, ಹತ್ತು ಮನೆ ಕೋಳಿಗೆ ಒಂದೇ ವಯಲ್ ಒಡೆದರೆ ಆಯ್ತು. ಊರಲ್ಲೇ ದನ, ಕುರಿ, ಕೋಳಿ ಆರೈಕೆಗೆ ತರಬೇತಿ ಪಡೆದ ಪಶುಸಖಿಯರು ಇದ್ದಾರಲ್ಲ, ಕಣ್ಣಿಗೆ ಹನಿ ಬಿಡೋದು ಅವರಿಗೇನು ಕಷ್ಟವಲ್ಲ. ಮೊಜಾಂಬಿಕ್, ತಾಂಜಾನಿಯಾ ಹಳ್ಳಿಗಳಲ್ಲಿ ತರಬೇತಿ ಪಡೆದ ಊರಿನವರೇ 4 ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಹನಿ ಹಾಕ್ತಾರೆ. ಅಲ್ಲಿನದು ಸೆಕೆಯನ್ನು ಸ್ವಲ್ಪ ತಾಳಿಕೊಳ್ಳೋ ಐ-2 ಅನ್ನೋ ಲಸಿಕೆ. ನಮ್ಮಲ್ಲಿ ಐಸ್ ಡಬ್ಬಿ ಹೊತ್ತುಕೊಂಡು ಹೋಗಬೇಕು, ಅಷ್ಟೇ ವ್ಯತ್ಯಾಸ.

ಸರ್ಕಾರದ ಮೇಲೇ ಎಲ್ಲಾ ಹಾಕಿ ಕೂರೋ ಹಾಗೂ ಇಲ್ಲ. ಒಂದು ಕೋಳಿ ಸತ್ತ ಕೂಡಲೇ ಉಳಿದವನ್ನು ಬುಟ್ಟಿಗೆ ತುಂಬಿ ಸಂತೆಗೆ ಒಯ್ಯೋರು ನಾವೇ. ರೋಗ ಅಲ್ಲಿಂದ ಹತ್ತೂರಿಗೆ ಹಂಚಿಕೆ. ಮಾರಿಹಬ್ಬಕ್ಕೆ ಅಂತ ಸಂತೆಯಿಂದ ತಂದ ಹುಂಜವನ್ನು ಅವತ್ತೇ ಮನೆ ಕೋಳಿ ಜೊತೆ ಬಿಡೋದೂ ಅಷ್ಟೇ ಕೆಟ್ಟದ್ದು. ಎರಡು ವಾರ ದೂರದಲ್ಲಿ ಮಂಕರಿ ಕವುಚಿ ಇಡಿ, ನೀರಿನ ಚಿಪ್ಪೂ ಬೇರೆ ಇರಲಿ. ಸತ್ತದ್ದನ್ನು ತಿಪ್ಪೆಗೆ ಎಸೆದರೆ ನಾಯಿ ಬೀದಿ ತುಂಬ ಎಳೆದಾಡುತ್ತೆ. ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ.

ಲಸಿಕೆಯವರಿಗೆ ಮಾತ್ರ ಬೆಳಿಗ್ಗೆ ಗೂಡು ತೆಗೆಯೋಕೆ ಮುಂಚೆಯೇ ಬರೋಕೆ ಹೇಳಿ. ಒಂದ್ಸಲ ಹೊರಗೆ ಬಿಟ್ಟ ನಾಟಿ ಕೋಳಿ ಹಿಡಿಯೋದು ಯಾವ ಇಲಾಖೆ ಕೈಲೂ ಆಗಲ್ಲ.