ಜನರ ಮನೆಗೆ ಬರುವವರು ಪಾಸ್‌ಪೋರ್ಟ್ ತರತಕ್ಕದ್ದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ನಮ್ಮ ಹಿರಿಯರು ಬುಕಾರೆಸ್ಟಿಗೆ ಬಂದಿರಲಿಲ್ಲ. ಬಂದಿದ್ದರೆ ಮದುವೆಯ ಮಾತು ಬಿಟ್ಟು ಮನೆಯ ಮಾತನ್ನೇ ಎರಡು ಸಲ ಹೇಳುತ್ತಿದ್ದರು. ರೊಮೇನಿಯಾದ ಈ ರಾಜಧಾನಿಯಲ್ಲಿ ನಿಕೊಲಾಯೆ ಚೌಶೆಸ್ಕು ಎಂಬ ಕಮ್ಯುನಿಸ್ಟ್ ಸರ್ವಾಧಿಕಾರಿ ಮಹಾಶಯ ಒಂದು ಮನೆ ಕಟ್ಟಿಸಲು ಹೊರಟ. ಮನೆ ಮುಗಿಯುವ ಮೊದಲು ಅವನೇ ಮುಗಿದುಹೋದ. ಮನೆ ಮಾತ್ರ ಕೂತಿದೆ. ಕೂತಿದೆ ಅನ್ನುವುದೇ ಸರಿ. ಗಿನ್ನೆಸ್ ದಾಖಲೆಯ ಪ್ರಕಾರ ಅದು ಜಗತ್ತಿನ ಅತಿ ಭಾರದ ಕಟ್ಟಡ, ಸುಮಾರು 41 ಲಕ್ಷ ಟನ್. ಅಷ್ಟು ತೂಕದ್ದು ನಿಲ್ಲುವುದಿಲ್ಲ, ಕೂರುತ್ತದೆ.

ಕಟ್ಟುವಾಗ ಸರ್ಕಾರಿ ಕಡತದಲ್ಲಿ ಇದರ ಹೆಸರು ‘ಗಣರಾಜ್ಯದ ಮನೆ’. ಈಗ ‘ಸಂಸತ್ತಿನ ಅರಮನೆ’. ಊರಿನವರ ಬಾಯಲ್ಲಿ ಮಾತ್ರ ‘ಕಾಸಾ ಪೊಪೊರುಲುಯ್’, ಅಂದರೆ ಜನರ ಮನೆ. ಅವರ ಭಾಷೆಯಲ್ಲಿ ಕಾಸಾ ಎಂದರೆ ಮನೆ. ಕನ್ನಡದ ಕಿವಿಗೆ ಅದು ‘ಕಾಸಾ?’ ಎಂಬ ಪ್ರಶ್ನೆಯಾಗಿಯೇ ಕೇಳುತ್ತದೆ. ಟಿಕೆಟ್ ಕೌಂಟರಿನ ಮುಂದೆ ನಿಂತಾಗ ನಮ್ಮ ಅರ್ಥವೂ ತಪ್ಪಲ್ಲ ಎಂದು ತಿಳಿಯುತ್ತದೆ. ಜನರ ಮನೆಯೊಳಗೆ ಜನ ಹಾಗೆಲ್ಲ ನುಗ್ಗುವಂತಿಲ್ಲ. ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು, ಪಾಸ್‌ಪೋರ್ಟ್ ತೋರಿಸಬೇಕು, ವಿಮಾನ ನಿಲ್ದಾಣದಲ್ಲಿ ಮಾಡುವಂತೆ ಬ್ಯಾಗನ್ನು ಯಂತ್ರದ ಹೊಟ್ಟೆಯಿಂದ ಹಾಯಿಸಬೇಕು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿಸಿಕೊಂಡ ವಿಧಾನಸೌಧವನ್ನು ಬೇಲಿಯಾಚೆಯಿಂದಲೇ ನೋಡಿ ಬೆಳೆದ ನನಗೆ ಇದೇನೂ ಹೊಸದಲ್ಲ, ಬಿಡಿ.

ಒಳಗೆ ಹೋದೊಡನೆ ಗೈಡಮ್ಮ ಅಷ್ಟೋತ್ತರ ಶುರುಮಾಡಿದರು. ವಿಸ್ತೀರ್ಣ 3,65,000 ಚದರ ಮೀಟರ್. ನಾವು: ಓಹ್. ಎತ್ತರ 84 ಮೀಟರ್, ನೆಲದಡಿಯ ಅಂತಸ್ತುಗಳು ಬೇರೆ. ಓಹ್. ಅಮೃತಶಿಲೆ 10 ಲಕ್ಷ ಘನಮೀಟರ್. ಸ್ಫಟಿಕ 3,500 ಟನ್. ದುಡಿದ ವಾಸ್ತುಶಿಲ್ಪಿಗಳು 700. ಪ್ರತಿ ಅಂಕಿಯ ಕೊನೆಗೆ ನಮ್ಮ ‘ಓಹ್’, ಅರ್ಚನೆಯಲ್ಲಿ ನಾಮದ ಕೊನೆಗೆ ‘ನಮಃ’ ಬಂದಂತೆ. ಗೈಡಮ್ಮನಿಗೆ ಅರವತ್ತು ದಾಟಿರಬೇಕು. ಈ ಮನೆ ಏಳುತ್ತಿದ್ದಾಗ ಇದೇ ಊರಿನಲ್ಲಿ ಹಾಲಿಗಾಗಿ ಸಾಲು ನಿಂತವರು. ಅವರ ದನಿಯಲ್ಲಿ ಸಿಟ್ಟು ಹುಡುಕಿದೆ, ಸಿಗಲಿಲ್ಲ. ಇದ್ದದ್ದು ಹೆಮ್ಮೆ. ಸೊಸೆ ತಂದ ಒಡವೆಯ ಲೆಕ್ಕವನ್ನು ನೆಂಟರಿಗೆ ಒಪ್ಪಿಸುವ ಅತ್ತೆಯ ಹೆಮ್ಮೆ.

ನನಗೆ ಕೊರೆಯುವುದು ಇದೇ. ಆತ ಬದುಕಿದ್ದಾಗ ಈ ಅಂಕಿಗಳನ್ನು ಹೊಗಳಲು ಪಾರ್ಟಿ, ಪತ್ರಿಕೆ, ಗುಪ್ತ ಪೊಲೀಸು ಎಲ್ಲವೂ ಬೇಕಾಗಿತ್ತು. 1989ರ ಕ್ರಿಸ್‌ಮಸ್ ದಿನ ಅವನನ್ನೂ ಹೆಂಡತಿಯನ್ನೂ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದಾಯಿತು. ಆದರೂ ಅವನ ಬಡಾಯಿ ಇವತ್ತಿಗೂ ದಿನಕ್ಕೆ ಹತ್ತಾರು ಪಾಳಿಯಲ್ಲಿ, ಹಲವು ಭಾಷೆಗಳಲ್ಲಿ, ಚಾಚೂ ತಪ್ಪದೆ ಪಾರಾಯಣವಾಗುತ್ತಿದೆ. ಕೇಳಲು ನಾವು ವಿಮಾನ ಹತ್ತಿ, ದುಡ್ಡು ಕೊಟ್ಟು ಬರುತ್ತಿದ್ದೇವೆ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ.

“ಎಲ್ಲವೂ ಸ್ವದೇಶಿ,” ಎಂದರು ಗೈಡಮ್ಮ. ಕಲ್ಲು, ಮರ, ರತ್ನಗಂಬಳಿ, ಕೊನೆಗೆ ಪರದೆಯ ದಾರ ಕೂಡ ರೊಮೇನಿಯಾದ್ದೇ. ಒಂದು ಸಭಾಂಗಣದ ಬಾಗಿಲು ಮಾತ್ರ ಹೊರಗಿನದು, ಆಗಿನ ಝೈರ್, ಅಂದರೆ ಈಗಿನ ಕಾಂಗೊ ದೇಶದ ಮೊಬುಟು ಕೊಟ್ಟದ್ದು. ಒಬ್ಬ ಸರ್ವಾಧಿಕಾರಿಯ ಗೃಹಪ್ರವೇಶಕ್ಕೆ ಇನ್ನೊಬ್ಬ ಸರ್ವಾಧಿಕಾರಿ ಮುಂಗಡವಾಗಿ ಹಾಕಿದ ಮುಯ್ಯಿ. ತಿರುಗಿ ಮುಯ್ಯಿ ತೀರಿಸುವ ಭಾಗ್ಯ ಇವನಿಗೆ ಇರಲಿಲ್ಲ.

ಹುಚ್ಚು ಹತ್ತಿದ್ದು 1971ರಲ್ಲಿ ಅನ್ನುತ್ತಾರೆ. ಆ ವರ್ಷ ಚೌಶೆಸ್ಕು ಚೀನಾಕ್ಕೂ ಉತ್ತರ ಕೊರಿಯಾಕ್ಕೂ ಹೋಗಿಬಂದ. ಪ್ಯೊಂಗ್ಯಾಂಗಿನಲ್ಲಿ ಅಗಲ ಬೀದಿ, ಒಂದೇ ತಾಳಕ್ಕೆ ಚಪ್ಪಾಳೆ ತಟ್ಟುವ ಲಕ್ಷಾಂತರ ಕೈ ನೋಡಿದ. ಪಕ್ಕದ ಮನೆಯ ಟೈಲ್ಸ್ ನೋಡಿ ಬಂದ ಯಜಮಾನನ ಹಾಗೆ ಆಯಿತು ಅವನ ಸ್ಥಿತಿ. 1977ರ ಮಾರ್ಚ್ 4ರಂದು ಭೂಕಂಪವಾಗಿ 1,500ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಈ ಊರಿನವರೇ. ನಗರವನ್ನು ಹೊಸದಾಗಿ ಕಟ್ಟಲು ಒಳ್ಳೆಯ ನೆಪ ಸಿಕ್ಕಿತು. ಊರಾನುಸ್ ಎಂಬ ಹಳೆಯ ಗುಡ್ಡದ ಬಡಾವಣೆಯಲ್ಲಿ ಭೂಕಂಪ ಬಿಟ್ಟದ್ದನ್ನು ಸರ್ಕಾರ ಬಿಡಲಿಲ್ಲ. ಸುಮಾರು 40,000 ಜನರನ್ನು ಎಬ್ಬಿಸಿದರು. ಜನರ ಮನೆ ಕಟ್ಟಬೇಕಾದರೆ ಜನರ ಮನೆಗಳನ್ನು ಕೆಡವಲೇಬೇಕಲ್ಲ, ಅದರಲ್ಲಿ ತಪ್ಪು ಹುಡುಕುವವರು ವ್ಯಾಕರಣ ಗೊತ್ತಿಲ್ಲದವರು.

ಇಗರ್ಜಿಗಳ ಕತೆ ಇನ್ನೂ ಸೊಗಸು. ದಾರಿಗೆ ಅಡ್ಡ ಬಂದ ಎಷ್ಟೋ ಗುಡಿಗಳು ನೆಲಸಮವಾದವು. ಯೆವ್‌ಜೆನ್ಯು ಯೊರ್ದಕೆಸ್ಕು ಎಂಬ ಎಂಜಿನಿಯರ್ ಮಾತ್ರ ‘ಕೆಡವಬೇಡಿ, ಸರಿಸೋಣ’ ಎಂದರು. ಅಡಿಪಾಯ ಕತ್ತರಿಸಿ, ಕೆಳಗೆ ಹಳಿ ಹಾಕಿ, ಇಡೀ ಇಗರ್ಜಿಯನ್ನು ತೇರಿನಂತೆ ಎಳೆಸಿದರು. 16ನೇ ಶತಮಾನದ ಮಿಹಾಯ್ ವೊದ ಇಗರ್ಜಿ 1985ರಲ್ಲಿ 289 ಮೀಟರ್ ಪ್ರಯಾಣ ಮಾಡಿತು. ಹೋಗಿ ನಿಂತದ್ದು ಅಪಾರ್ಟ್‌ಮೆಂಟುಗಳ ಹಿಂದೆ, ಮುಖ್ಯ ಬೀದಿಯಿಂದ ಕಾಣದ ಹಾಗೆ. ದೇವರು ಇರಬಾರದೆಂದಲ್ಲ, ಎದುರಿಗೆ ಕಾಣಬಾರದು, ಅಷ್ಟೇ. ಇವತ್ತು ಅದನ್ನು ಹುಡುಕಿಕೊಂಡು ಹೋದರೆ ಒಣಹಾಕಿದ ಬಟ್ಟೆ, ನಿಲ್ಲಿಸಿದ ಕಾರುಗಳ ನಡುವೆ ಅವಮಾನವಾದ ಹಿರಿಯರಂತೆ ಸುಮ್ಮನೆ ನಿಂತಿರುತ್ತದೆ. ಅಲ್ಲಿ ಟಿಕೆಟ್ ಇಲ್ಲ. ಬುಕಾರೆಸ್ಟಿನಲ್ಲಿ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಅದೊಂದೇ.

ಮನೆಗೆ ಗುದ್ದಲಿ ಪೂಜೆ ಆದದ್ದು 1984ರ ಜೂನ್ 25ರಂದು. ಆ ಹೊತ್ತಿಗೆ ಯಜಮಾನನಿಗೆ ಇನ್ನೊಂದು ಹಟ ಹಿಡಿದಿತ್ತು. ವಿದೇಶಿ ಸಾಲವನ್ನು ಪೈಸೆ ಬಿಡದೆ ತೀರಿಸಬೇಕು. ದೇಶದಲ್ಲಿ ಬೆಳೆದದ್ದೆಲ್ಲ ಹಡಗು ಹತ್ತಿತು. ಉಳಿದವರು ತಿನ್ನುವುದೇನು? ಅದಕ್ಕೂ ಉತ್ತರವಿತ್ತು. 1982ರಲ್ಲಿ ಬಂದ ‘ವೈಜ್ಞಾನಿಕ ಆಹಾರ ಕಾರ್ಯಕ್ರಮ’ದ ಸಾರಾಂಶ, ರೊಮೇನಿಯನ್ನರು ಅಗತ್ಯಕ್ಕಿಂತ ಹೆಚ್ಚು ತಿನ್ನುತ್ತಿದ್ದಾರೆ ಎಂಬುದು. ಹಸಿವಾದರೆ ಅದು ಹಸಿವಲ್ಲ, ಪಥ್ಯ. ಹಂದಿಯ ಒಳ್ಳೆಯ ಭಾಗಗಳೆಲ್ಲ ರಫ್ತಾಗಿ ಅಂಗಡಿಯಲ್ಲಿ ಕಾಲ್ಗೊರಸು ಮಾತ್ರ ಸಿಗುತ್ತಿತ್ತು. ಜನ ಅದಕ್ಕೆ ‘ಅಡಿಡಾಸ್’ ಎಂದು ಹೆಸರಿಟ್ಟರು. ‘ದೇಶಭಕ್ತ’ ಎಂದೂ ಕರೆದರು, ಇಡೀ ಹಂದಿಯಲ್ಲಿ ದೇಶ ಬಿಟ್ಟು ಹೋಗದೆ ಉಳಿದದ್ದು ಅದೊಂದೇ ಆದ್ದರಿಂದ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವ ಅನಿಲಕ್ಕೂ ಕೊರತೆ. ಟಿವಿ ದಿನಕ್ಕೆ ಎರಡೇ ಗಂಟೆ, ಅದರಲ್ಲೂ ಹೆಚ್ಚಿನ ಹೊತ್ತು ಗಂಡಹೆಂಡಿರ ದರ್ಶನ. ‘ಕಿಟಕಿ ಮುಚ್ಚಿರಯ್ಯ, ಬೀದಿಯಲ್ಲಿ ಹೋಗುವವರಿಗೆ ನೆಗಡಿಯಾದೀತು’ ಎಂಬುದು ಆ ಕಾಲದ ಜೋಕು. ಈ ಕಡೆ ಹೀಗೆ, ಆ ಕಡೆ 3,500 ಟನ್ ಸ್ಫಟಿಕ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಗೆ ಇಷ್ಟು ದುಬಾರಿಯ ಸಚಿತ್ರ ಆವೃತ್ತಿ ಬೇರೆಲ್ಲೂ ಇರಲಾರದು.

ಸಾಲ 1989ರಲ್ಲಿ ತೀರಿತು. ಅದೇ ವರ್ಷ ಸಾಲ ತೀರಿಸಿದವನ ಋಣವೂ ತೀರಿತು. ಡಿಸೆಂಬರ್ 21ರಂದು ಪಾರ್ಟಿ ಕಚೇರಿಯ ಬಾಲ್ಕನಿಯಿಂದ ಭಾಷಣ ಮಾಡುತ್ತಿದ್ದಾಗ ಚಪ್ಪಾಳೆ ಇದ್ದಕ್ಕಿದ್ದಂತೆ ಕೂಗಾಟವಾಯಿತು. ಮರುದಿನ ಅದೇ ಕಟ್ಟಡದ ತಾರಸಿಯಿಂದ ಹೆಲಿಕಾಪ್ಟರ್ ಹತ್ತಿ ಓಡಿದ.

ಈಗ ಹೊಸ ಪ್ರಜಾಪ್ರಭುತ್ವದ ಮುಂದೆ ಒಂದು ಪ್ರಶ್ನೆ. ಅರ್ಧಂಬರ್ಧ ನಿಂತ ಈ ಬೆಟ್ಟವನ್ನು ಏನು ಮಾಡುವುದು? ಕೆಡವಲು ದುಡ್ಡಿಲ್ಲ, ನೋಡಲು ಕಣ್ಣಿಲ್ಲ. ಕೊನೆಗೆ ಜನಪ್ರತಿನಿಧಿಗಳು ದೊಡ್ಡ ಮನಸ್ಸು ಮಾಡಿ ತಾವೇ ಒಳಗೆ ಹೋಗಿ ಕೂತರು. ಸರ್ವಾಧಿಕಾರಿಯ ಗದ್ದುಗೆಯನ್ನು ಮುಟ್ಟಬಾರದು ಎಂಬ ಮಡಿವಂತಿಕೆ ಅವರಿಗಿರಲಿಲ್ಲ. 2008ರ ಏಪ್ರಿಲ್‌ನಲ್ಲಿ ನೇಟೋ ಶೃಂಗಸಭೆಯೂ ಇಲ್ಲೇ ನಡೆಯಿತು. ಕಮ್ಯುನಿಸಂ ವಿರುದ್ಧ ನಲವತ್ತು ವರ್ಷ ಬಂದೂಕು ಹಿಡಿದು ಕೂತಿದ್ದ ಒಕ್ಕೂಟಕ್ಕೆ ಕಾಲು ಚಾಚಲು ಕಮ್ಯುನಿಸ್ಟನ ಹಜಾರವೇ ಹಿತವಾಯಿತು. ಇಡೀ ಕಟ್ಟಡಕ್ಕೆ ಮುಖ್ಯ ವಾಸ್ತುಶಿಲ್ಪಿಯಾಗಿದ್ದವರು ಅಂಕಾ ಪೆಟ್ರೆಸ್ಕು. ಅವರು 2004ರಲ್ಲಿ ಚುನಾವಣೆ ಗೆದ್ದು ಇದೇ ಸಂಸತ್ತಿನ ಸದಸ್ಯೆಯಾಗಿ ನಾಲ್ಕು ವರ್ಷ ಕೂತಿದ್ದರು. ದೇವಸ್ಥಾನ ಕಟ್ಟಿದ ಶಿಲ್ಪಿಯೇ ಮೂರ್ತಿಯಾಗಿ ಗರ್ಭಗುಡಿಯಲ್ಲಿ ಪ್ರತಿಷ್ಠೆಯಾದ ಉದಾಹರಣೆ ಬೇರೆ ನನಗೆ ಗೊತ್ತಿಲ್ಲ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ, ಇದು ನಮ್ಮ ಕಸುಬಿನ ದುಃಖ. 1974ರಲ್ಲಿ ಚೌಶೆಸ್ಕು ಅಧ್ಯಕ್ಷನಾಗಿ ರಾಜದಂಡ ಹಿಡಿದಾಗ ಚಿತ್ರಕಾರ ಸಾಲ್ವದೋರ್ ದಾಲಿ, ರಾಜದಂಡದ ಸಂಪ್ರದಾಯ ತಂದದ್ದಕ್ಕೆ ಅಭಿನಂದನೆ ಎಂದು ತಂತಿ ಕಳಿಸಿದ. ಕುಹಕ ಅದು. ಪಾರ್ಟಿಯ ಪತ್ರಿಕೆ ‘ಸ್ಕಿಂತೇಯಾ’ ಅದನ್ನು ನಿಜವಾದ ಅಭಿನಂದನೆ ಎಂದೇ ಅಚ್ಚು ಹಾಕಿತು. ವಿಡಂಬನೆ ಬರೆಯುವವರು ಲೇಖನಿ ಕೆಳಗಿಟ್ಟು ನಮಸ್ಕಾರ ಹಾಕಬೇಕಾದ ಜಾಗ ಇದು.

ಮಧ್ಯಾಹ್ನದ ಪ್ಯಾಕೇಜು ಚೌಶೆಸ್ಕು ದಂಪತಿ ವಾಸವಿದ್ದ ವಸಂತ ಅರಮನೆ. 2016ರಿಂದ ಸಾರ್ವಜನಿಕರಿಗೆ ತೆರೆದಿದೆ. ಶೂಗಳಿಗೆ ಪ್ಲಾಸ್ಟಿಕ್ ಚೀಲ ತೊಡಿಸಿಕೊಂಡು ಸರ್ರಬರ್ರ ಎಂದು ನಡೆಯಬೇಕು, ಅವರ ಮರದ ನೆಲಕ್ಕೆ ಗೀರು ಬೀಳಬಾರದು. ನವಿಲುಗಳು ತೋಟದಲ್ಲಿವೆ, ಈಜುಕೊಳದ ಗೋಡೆಯಲ್ಲಿ ಮೊಸಾಯಿಕ್ ಇದೆ, ಆದರೆ ಗುಂಪು ಗಂಟಲು ಒಣಗಿಸಿಕೊಂಡು ಕಾಯುವುದು ಬಂಗಾರದ ಬಚ್ಚಲಿಗೆ. ಸಮತಾವಾದದ ಇತಿಹಾಸ ತಿಳಿಯಲು ಬಂದವರೆಲ್ಲ ಕೊನೆಗೆ ಒಂದು ನಲ್ಲಿಯ ಮುಂದೆ ಸೆಲ್ಫಿ ತೆಗೆದುಕೊಂಡೆವು. ನಾನೂ ತೆಗೆದುಕೊಂಡೆ. ಒಡತಿ ಎಲೆನಾ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ‘ಜಗದ್ವಿಖ್ಯಾತ’ ವಿಜ್ಞಾನಿ. ಇಂಗಾಲದ ಡೈಆಕ್ಸೈಡಿನ ಸೂತ್ರವಾದ CO₂ವನ್ನು (ಅವರ ಭಾಷೆಯಲ್ಲಿ ಎರಡು ಎಂದರೆ ‘ದೊಯ್’) ಅಕ್ಷರ ಬಿಡಿಸಿ ಓದಲು ಬಾರದೆ ‘ಕೊದೊಯ್’ ಎಂದುಬಿಟ್ಟರಂತೆ, ರೊಮೇನಿಯನ್ನಿನಲ್ಲಿ ಹಾಗಂದರೆ ದೊಡ್ಡ ಬಾಲ. ಅಡ್ಡಹೆಸರು ಅಂಟಿಕೊಂಡಿತು. ಡಾಕ್ಟರೇಟಿನ ಬಗ್ಗೆ ನಾವು ಹೆಚ್ಚು ನಗುವುದು ಬೇಡ, ಮನೆಗೆ ವಾಪಸು ಹೋಗಬೇಕಾದವರು.

ಕಮ್ಯುನಿಸ್ಟರ ಸ್ಮಾರಕಗಳ ಜೊತೆ ಅವರನ್ನು ಇಳಿಸಿದವರ ಸ್ಮಾರಕಗಳನ್ನೂ ನೋಡಬೇಕು, ಇಲ್ಲದಿದ್ದರೆ ಟಿಕೆಟಿಗೆ ಮೋಸ. ಕ್ರಾಂತಿಚೌಕದಲ್ಲಿ 2005ರಲ್ಲಿ ನಿಲ್ಲಿಸಿದ್ದು 25 ಮೀಟರಿನ ಬಿಳಿಯ ಸೂಜಿಕಂಬ. ತುದಿಯ ಹತ್ತಿರ ಕಪ್ಪು ಲೋಹದ ಗೂಡಿನಂಥದ್ದೊಂದು ಸಿಕ್ಕಿಕೊಂಡಿದೆ. ಶಿಲ್ಪಿಯ ಮನಸ್ಸಿನಲ್ಲಿ ಅದು ಪುನರ್ಜನ್ಮ. ಊರಿನವರು ‘ಶೂಲಕ್ಕೇರಿದ ಆಲೂಗಡ್ಡೆ’ ಅನ್ನುತ್ತಾರೆ. ಲೆನಿನ್ನನ ಪಾಡು ಬೇರೆ. ಪತ್ರಿಕಾಭವನದ ಮುಂದಿದ್ದ ಅವನ ಭಾರಿ ಪ್ರತಿಮೆಯನ್ನು 1990ರ ಮಾರ್ಚಿನಲ್ಲಿ ಇಳಿಸಿ, ಊರಾಚೆಯ ಮೊಗೊಶ್ವಾಯಾ ಅರಮನೆಯ ಹಿತ್ತಲಲ್ಲಿ ಮಲಗಿಸಿದರು. ಪೀಠ ಮಾತ್ರ ಖಾಲಿಯಾಗಿಯೇ ಉಳಿಯಿತು, ಇಪ್ಪತ್ತು ವರ್ಷ. ಯಾರನ್ನು ಕೂರಿಸುವುದೆಂದು ಒಮ್ಮತವಾಗಲಿಲ್ಲ. ನನ್ನನ್ನು ಕೇಳಿದ್ದರೆ ಹಾಗೇ ಬಿಡಿ ಅನ್ನುತ್ತಿದ್ದೆ, ಊರಿನಲ್ಲೇ ಸುಳ್ಳು ಹೇಳದ ಸ್ಮಾರಕ ಅದೊಂದು.

ಜನರ ಮನೆಯ ಹಿಂದೆ ಈಗ ಇನ್ನೊಂದು ಎದ್ದಿದೆ. ‘ಜನರ ಉದ್ಧಾರ’ದ ಮಹಾ ಇಗರ್ಜಿ. ಪೂಜಾವೇದಿಕೆಯ ಪ್ರತಿಷ್ಠೆ 2018ರ ನವೆಂಬರಿನಲ್ಲಿ ನಡೆಯಿತು. ಎತ್ತರ 120 ಮೀಟರಿಗೂ ಹೆಚ್ಚು, ಸರ್ವಾಧಿಕಾರಿಯ 84 ಮೀಟರನ್ನು ಮೀರಿದ್ದು. ಗಂಟೆಯ ತೂಕ 25 ಟನ್. ಖರ್ಚಿನಲ್ಲಿ ಸರ್ಕಾರದ ಪಾಲೂ ಇದೆ; ಆಸ್ಪತ್ರೆ ಕಟ್ಟಿ ಎಂದು ಕೂಗಿದವರೂ ಇದ್ದಾರೆ. ಇಗರ್ಜಿಗಳನ್ನು ಹಳಿಯ ಮೇಲೆ ಎಳೆದು ಬಚ್ಚಿಟ್ಟವನ ಬೆನ್ನಿಗೆ ಇದು ದೇವರ ಉತ್ತರವಂತೆ. ಅದರ ಅಂಕಿಗಳನ್ನೂ ಗೈಡಮ್ಮ ಬಾಯಿಪಾಠ ಒಪ್ಪಿಸಿದರು. ನಾವೂ ರೂಢಿಯಂತೆ ಓಹ್ ಅಂದೆವು.

ಸಂಜೆ ಹಸಿವಾಗಿ ಮಾಲ್‌ಗೆ ಹೋದೆವು. ಅದಕ್ಕೂ ಕತೆಯಿದೆ ಎಂದರು ಗೈಡಮ್ಮ. ಎಂಬತ್ತರ ದಶಕದಲ್ಲಿ ಚೌಶೆಸ್ಕು ಊರ ತುಂಬ ದೊಡ್ಡ ಗುಮ್ಮಟದ ಆಹಾರ ಮಳಿಗೆಗಳನ್ನು ಕಟ್ಟಿಸತೊಡಗಿದ. ತಿನ್ನಲು ಏನೂ ಇಲ್ಲದ ಕಾಲದ ಆ ಗುಮ್ಮಟಗಳಿಗೆ ಜನ ‘ಹಸಿವಿನ ಸರ್ಕಸ್ಸು’ ಎಂದು ಹೆಸರಿಟ್ಟರು. ಅರ್ಧಕ್ಕೆ ನಿಂತಿದ್ದ ಒಂದರ ಅಸ್ಥಿಪಂಜರದ ಮೇಲೆ 1999ರಲ್ಲಿ ಈ ಮಾಲ್ ಎದ್ದಿತು. ಮೇಲಿನ ಅಂತಸ್ತಿನ ತಿಂಡಿ ಅಂಗಡಿಗಳ ಮುಂದೆ ಉದ್ದನೆಯ ಸಾಲು. ಗೈಡಮ್ಮ ಏನೂ ಕೇಳದೆ ಹೋಗಿ ಅದರ ಬಾಲಕ್ಕೆ ನಿಂತುಬಿಟ್ಟರು.

“ಇದು ಯಾವುದರ ಸಾಲಮ್ಮ?” ಎಂದೆ.

“ಗೊತ್ತಿಲ್ಲಪ್ಪ,” ಎಂದರು. “ಮೊದಲು ನಿಲ್ಲು, ಆಮೇಲೆ ಕೇಳೋಣ.”