ಸತ್ಯಾಂಶ: ಜನೌಷಧಿ ಗುಳಿಗೆಯಲ್ಲಿ ಔಷಧ ಅರ್ಧ ಮಾತ್ರ ಇರುತ್ತದೆಯೇ?

“ಜನೌಷಧಿ ಗುಳಿಗೆ ಅಗ್ಗ ಯಾಕೆ ಗೊತ್ತಾ? ಅದರಲ್ಲಿ ಔಷಧ ಅರ್ಧ ಮಾತ್ರ.” ಕೇಂದ್ರ ಸರ್ಕಾರದ ಯೋಜನೆಯ ಅಗ್ಗದ ಔಷಧ ಮಳಿಗೆಯಾದ ಜನೌಷಧಿ ಬಗ್ಗೆ ವಾಟ್ಸಾಪ್‌ನಲ್ಲಿ ಹರಿದಾಡುವ ಈ ಮಾತು ಸುಳ್ಳು. ಇದನ್ನು ನಂಬಿ ರಾಯಚೂರು, ಸಿಂಧನೂರು ಕಡೆ ಕೂಲಿ ಮಾಡುವವರೂ ಶುಗರ್ ಗುಳಿಗೆಗೆ ಸುಮ್ನೆ ಜಾಸ್ತಿ ದುಡ್ಡು ಕೊಡುವಂತಾಗಬಾರದು.

ಗುಳಿಗೆ ಪಟ್ಟಿಯ ಹಿಂದೆ ನೋಡಿ. ಕಂಪನಿ ಇಟ್ಟ ಹೆಸರಿದ್ದರೂ ಔಷಧದ ಹೆಸರೂ ಅಲ್ಲೇ ಇರುತ್ತದೆ. ಬ್ರ್ಯಾಂಡ್ ಗುಳಿಗೆ, ಜನೌಷಧಿ ಗುಳಿಗೆ ಎರಡರಲ್ಲೂ ‘ಮೆಟ್‌ಫಾರ್ಮಿನ್ 500 ಎಂ.ಜಿ.’ (ಶುಗರ್ ಔಷಧ) ಎಂದಿದ್ದರೆ ಒಳಗಿರಬೇಕಾದ ಔಷಧವೂ ಅಷ್ಟೇ. 1940ರ ಔಷಧ ಕಾಯ್ದೆ ಎರಡಕ್ಕೂ ಒಂದೇ. ಜನೌಷಧಿ ಮಳಿಗೆಗೆ ಬರುವ ಪ್ರತಿ ಬ್ಯಾಚನ್ನೂ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಪರೀಕ್ಷಿಸುವ ನಿಯಮವಿದೆ.

ಮತ್ತೆ ಅಗ್ಗ ಯಾಕೆ? ಟೆಂಡರ್ ಕರೆದು ಒಟ್ಟಿಗೆ ಖರೀದಿಸುತ್ತಾರೆ. ಬ್ರ್ಯಾಂಡಿನ ಪ್ರಚಾರದ ಖರ್ಚೂ ಇಲ್ಲ. ಹಾಗಾಗಿ ಬೆಲೆ ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ.

ಸಾಮಾನ್ಯ ಬಿಪಿ, ಶುಗರ್ ಗುಳಿಗೆಗಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುತ್ತಾರೆ. ಮೊದಲು ಅಲ್ಲಿ ಕೇಳಿ.

ಒಂದು ಎಚ್ಚರ ಮಾತ್ರ ಬೇಕು. ಫಿಟ್ಸ್, ಥೈರಾಯ್ಡ್, ರಕ್ತ ತೆಳು ಮಾಡುವ ಗುಳಿಗೆ ಆದರೆ ಕಂಪನಿ ಬದಲಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.