ಐನೂರು ಕಾರ್ಡು, ಒಂದು ‘ಡಾ.’

ಹಂಚಿ ಹೋಗಬೇಕಾದ ಲಗ್ನಪತ್ರಿಕೆ ಕಟ್ಟಿನ ಸಮೇತ ವಾಪಸು ಬಂದರೆ ಪ್ರೆಸ್ಸಿನವನ ಎದೆ ಧಸಕ್ಕೆನ್ನುತ್ತದೆ. ಮುಹೂರ್ತ ತಪ್ಪಾಯಿತೆ, ಕಲ್ಯಾಣ ಮಂಟಪದ ಹೆಸರು ಬದಲಾಯಿತೆ, ಇಲ್ಲಾ ಮದುವೆಯೇ ಮುರಿಯಿತೆ? ಮುರಿದ ಮದುವೆಯ ಬಾಕಿ ವಸೂಲಿ ಮಾಡುವುದಿದೆಯಲ್ಲ, ಅದು ಈ ಕಸುಬಿನವರಿಗೇ ಗೊತ್ತು. ಹೋದ ಬೇಸಿಗೆಯಲ್ಲಿ ಹಾಗೇ ಆಯಿತು. ಶಟರು ಮುಟ್ಟಿದರೆ ಕೈ ಸುಡುವಂಥ ಬಳ್ಳಾರಿಯ ಮಧ್ಯಾಹ್ನ. ಹುಡುಗಿಯ ಅಣ್ಣ ಸ್ಕೂಟರಿನಿಂದ ಐದು ಕಟ್ಟು ಇಳಿಸಿ ಕೌಂಟರಿನ ಮೇಲೆ ಒಂದರ ಮೇಲೊಂದು ಪೇರಿಸಿದ.

“ಏನಾಯ್ತಪ್ಪ?”

“ಏನಿಲ್ಲ ಅಂಕಲ್, ನಮ್ಮ ಮಾವನ ಹೆಸರಿನ ಮುಂದೆ ‘ಡಾ.’ ಬಿಟ್ಟೋಗೈತೆ.”

“ಪ್ರೂಫ್ ನೋಡಿ ಸಹಿ ಹಾಕಿದೋನು ನೀನೇ ಅಲ್ಲೇನು?”

“ಆವಾಗ ಇರ್ಲಿಲ್ಲ ಅಂಕಲ್. ಮೊನ್ನೆ ಭಾನುವಾರ ಬಂತು.”

ಬಂತು! ಜ್ವರ ಬಂದ ಹಾಗೆ, ಕೊರಿಯರ್ ಬಂದ ಹಾಗೆ. ಎಲ್ಲಿಂದ ಬಂತು ಅಂತ ಕೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವನೇ ಮೊಬೈಲು ತೆಗೆದು ತೋರಿಸಿದ. ಯಾವುದೋ ಹೋಟೆಲ್ಲಿನ ಹಾಲು, ಹಿಂದೆ ಪ್ಲಾಸ್ಟಿಕ್ ಹೂವಿನ ತೋರಣ, ಮಾವನ ಮೈಮೇಲೆ ಕೆಂಪು ಗೌನು, ತಲೆಯ ಮೇಲೆ ಚೌಕದ ಟೋಪಿ. ಟೋಪಿಯ ಗೊಂಡೆ ಸರಿಯಾಗಿ ಮೂಗಿನ ಮೇಲೆ ಇಳಿಬಿದ್ದಿತ್ತು. ಸಮಾಜಸೇವೆಗಾಗಿ ಕೊಟ್ಟದ್ದಂತೆ. ಮಾವ ನನಗೆ ಗೊತ್ತಿಲ್ಲದವರಲ್ಲ. ಪ್ರತಿ ವರ್ಷ ಗಣೇಶನ ಪೆಂಡಾಲಿನ ರಸೀದಿ ಪುಸ್ತಕ ನಮ್ಮಲ್ಲೇ ಮಾಡಿಸುತ್ತಾರೆ, ದುಡ್ಡು ಮಾತ್ರ ಗಣೇಶನನ್ನು ಮುಳುಗಿಸಿದ ಮೇಲೆ ಕೊಡುತ್ತಾರೆ. ನಾನು ಕಂಡ ಸಮಾಜಸೇವೆ ಇಷ್ಟು.

ನಮ್ಮಪ್ಪನ ಕಾಲದಲ್ಲಿ ಹೀಗಿರಲಿಲ್ಲ ಎಂದು ಎಲ್ಲೂ ಹೇಳಬೇಡಿ, ಮುದುಕರಾದಿರಿ ಅಂತ ಜನ ತಿಳಿದಾರು ಎಂದು ನನ್ನ ಹೆಂಡತಿ ತಾಕೀತು ಮಾಡಿದ್ದಾಳೆ. ಆದರೂ ಹೇಳುತ್ತೇನೆ. ಆಗ ಒಂದೊಂದೇ ಅಕ್ಷರದ ಅಚ್ಚಿನ ಮೊಳೆ ಜೋಡಿಸುವ ಕಾಲ. ಅಪ್ಪ ‘ಡಾ’ ಮತ್ತು ಅದರ ಮುಂದಿನ ಚುಕ್ಕಿಯನ್ನು ಸೇರಿಸಿ ದಾರ ಸುತ್ತಿ, ನಸ್ಯದ ಡಬ್ಬಿಯಲ್ಲಿ ಬೇರೆಯಾಗಿಯೇ ಇಟ್ಟುಕೊಂಡಿದ್ದ. ಮೊದಲು ಅಂಥವು ಎರಡೇ ಜೊತೆ ಇದ್ದವಂತೆ. 1961ರಲ್ಲಿ ಊರಿಗೆ ಮೆಡಿಕಲ್ ಕಾಲೇಜು ಬಂದ ಮೇಲೆ ನಾಲ್ಕು ಮಾಡಿಕೊಂಡ. ಒಂದೇ ಪತ್ರಿಕೆಯಲ್ಲಿ ಐದನೆಯ ಡಾಕ್ಟರು ಬಂದರೆ ಗಿರಾಕಿಯ ಮುಖಕ್ಕೇ ಹೇಳುತ್ತಿದ್ದ: “ನನ್ನತ್ರ ನಾಲ್ಕೇ ಅದಾವು. ಐದನೇಯವ್ರನ್ನ ಬರೇ ಶ್ರೀ ಅಂತ ಹಾಕ್ತೀನಿ. ಬ್ಯಾಡ ಅಂದ್ರೆ ಯಾರ್ನಾದ್ರೂ ಒಬ್ರನ್ನ ಕಮ್ಮಿ ಮಾಡ್ರಿ.” ಜನ ಒಪ್ಪುತ್ತಿದ್ದರು. ಮೊಳೆಯೇ ಇಲ್ಲ ಎಂದ ಮೇಲೆ ಯಾರೇನು ಮಾಡಿಯಾರು? ಈಗ ಕಂಪ್ಯೂಟರಿನಲ್ಲಿ ‘ಡಾ.’ ಎಷ್ಟು ಬೇಕೋ ಅಷ್ಟು. ಕೊರತೆಯೇ ಇಲ್ಲದ ಪದಾರ್ಥಕ್ಕೆ ಗಿರಾಕಿ ಹೆಚ್ಚಾಗಿರುವುದು ಇದೊಂದರಲ್ಲೇ ಇರಬೇಕು.

ಹಾಗೆ ನೋಡಿದರೆ ಕನ್ನಡದಲ್ಲಿ ‘ಡಾ’ ಬಳಸುವ ಮಾತುಗಳು ಬೇರೆಯೂ ಇವೆ. ಬಡಾಯಿ, ಲಡಾಯಿ, ಪುಂಡಾಟ, ಮೊಂಡಾಟ, ಕಡಾಯಿ, ಭಂಡಾರ. ಇದಕ್ಕೆ ನಾನು ಅರ್ಥ ಹಚ್ಚುತ್ತಿಲ್ಲ, ನೆನಪಿಗೆ ಬಂದದ್ದನ್ನು ಬಂದ ಸಾಲಿನಲ್ಲಿ ಹೇಳಿದೆ.

ವಿಶ್ವವಿದ್ಯಾಲಯಗಳು ಕೊಡುವ ಗೌರವ ಡಾಕ್ಟರೇಟ್ ಬೇರೆ, ಈ ಹೋಟೆಲ್ ಹಾಲಿನದು ಬೇರೆ ಎಂದು ನೀವು ನನಗೆ ಹೇಳಬೇಕಿಲ್ಲ. ಮೈಸೂರು ವಿಶ್ವವಿದ್ಯಾಲಯ 1976ರಲ್ಲಿ ರಾಜ್‌ಕುಮಾರ್ ಅವರಿಗೆ ಕೊಟ್ಟ ಮೇಲೆ ಡಾ. ರಾಜ್ ಎಂದರೆ ಯಾವ ಡಾಕ್ಟರು ಎಂದು ಬಳ್ಳಾರಿಯ ಒಬ್ಬ ಆಟೋದವನೂ ಕೇಳಲಿಲ್ಲ. ರಾಹುಲ್ ದ್ರಾವಿಡ್ ಅವರದು ಇನ್ನೊಂದು ತರಹ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಕೊಡುತ್ತೇನೆಂದಾಗ, ಕ್ರೀಡೆಯಲ್ಲಿ ಸಂಶೋಧನೆ ಮಾಡಿ ಪಡೆಯುತ್ತೇನೆ ಎಂದು ನಯವಾಗಿ ಬೇಡ ಅಂದರು. ಆ ಸುದ್ದಿ ಓದಿದ ದಿನ ನನಗೆ ಖುಷಿಯಾಯಿತು. ಆಮೇಲೆ ಅವರ ಹೆಸರಿನ ಕಾರ್ಡು ಯಾರೂ ನನ್ನಲ್ಲಿಗೆ ವಾಪಸು ತರುವುದಿಲ್ಲವಲ್ಲ ಎಂಬ ಸಣ್ಣ ಖುಷಿ ಅದು. ಇನ್ನು ರವೀಂದ್ರನಾಥ ಠಾಕೂರರದು. ಆಕ್ಸ್‌ಫರ್ಡಿನವರು 1940ರ ಆಗಸ್ಟಿನಲ್ಲಿ ತಾವೇ ಶಾಂತಿನಿಕೇತನಕ್ಕೆ ಪ್ರತಿನಿಧಿಗಳನ್ನು ಕಳಿಸಿ ಪದವಿ ಕೊಟ್ಟರು. ಅವರು ಲ್ಯಾಟಿನ್ನಿನಲ್ಲಿ ಹೊಗಳಿದರು, ಇವರು ಸಂಸ್ಕೃತದಲ್ಲಿ ಉತ್ತರ ಕೊಟ್ಟರು. ಎರಡೂ ಕಡೆಯವರಿಗೆ ಸಮಾಧಾನ.

ನನಗೆ ಎಲ್ಲರಿಗಿಂತ ಹಿಡಿಸಿದವನು ಬೆಂಜಮಿನ್ ಫ್ರಾಂಕ್ಲಿನ್. ಕಾರಣ ದೊಡ್ಡದಲ್ಲ, ನಮ್ಮ ಕಸುಬಿನವನು. ಶಾಲೆಗೆ ಹೋದದ್ದು ಎರಡು ವರ್ಷ, ಕಲಿತದ್ದೆಲ್ಲ ಪ್ರೆಸ್ಸಿನಲ್ಲಿ. 1759ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, ಅಲ್ಲಿಂದ ಲೋಕವೆಲ್ಲ ಡಾಕ್ಟರ್ ಫ್ರಾಂಕ್ಲಿನ್ ಎಂದೇ ಕರೆಯಿತು. ಕರೆಸಿಕೊಂಡ ಕೂಡ, ಬೇಡ ಅನ್ನಲಿಲ್ಲ. ಕಡೆಗಾಲದಲ್ಲಿ ಉಯಿಲು ಬರೆಯುವಾಗ ಮಾತ್ರ ತನ್ನ ಹೆಸರಿನ ಜೊತೆ ‘ಮುದ್ರಕ’ ಎಂಬುದನ್ನೇ ಮೊದಲು ಹಾಕಿಸಿದ. ಈ ಸಂಗತಿಯನ್ನು ನಾನು ಹೆಂಡತಿಗೆ ಮೂರು ಸಲ ಹೇಳಿದ್ದೇನೆ. ಮೂರನೆಯ ಸಲ ಅವಳು, “ಅಂವ ಉಯಿಲು ಬರಿಯೋವಷ್ಟು ಆಸ್ತಿ ಮಾಡಿದ್ದ” ಎಂದಳು.

ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈ ‘ಡಾ.’ ರಗಳೆಯೇ ಬೇಡವೆಂದೋ ಏನೋ ತನ್ನ ಗೌರವ ಪದವಿಗೆ ‘ನಾಡೋಜ’ ಎಂದು ಹೆಸರಿಟ್ಟಿತು. ಓಜ ಎಂದರೆ ಗುರು; ನಾಡಿಗೆ ಗುರು. ಕೊಡುವ ಘಟಿಕೋತ್ಸವಕ್ಕೆ ಅವರಿಟ್ಟ ಹೆಸರು ನುಡಿಹಬ್ಬ. 2021ರಲ್ಲಿ ಹಂಪಿ ನಮ್ಮ ಜಿಲ್ಲೆಯಿಂದ ವಿಜಯನಗರ ಜಿಲ್ಲೆಗೆ ಹೋದರೂ ನಾನು ಇನ್ನೂ ‘ನಮ್ಮ’ ಅನ್ನುವುದನ್ನು ಬಿಟ್ಟಿಲ್ಲ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರಿಗೆ ನಾಡೋಜ ಕೊಟ್ಟಾಗ ಆ ತಾಯಿಗೆ ಓದು ಬರಹ ಬರುತ್ತಿರಲಿಲ್ಲ. ಬುರ್ರಕಥೆ ಶುರು ಮಾಡಿದರೆ ಕುಮಾರರಾಮನ ಕತೆ ರಾತ್ರಿಗಟ್ಟಲೆ ಬರುತ್ತಿತ್ತು, ಎದುರಿಗೆ ಹಾಳೆ ಇರಲಿಲ್ಲ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರೂ ನಾಡೋಜರೇ. ತೊಗಲುಗೊಂಬೆಯಲ್ಲಿ ಗಾಂಧೀಜಿಯನ್ನು ಕುಣಿಸಿದವರು. ಅಮೆರಿಕದಲ್ಲಿ ಇದು ಉಲ್ಟಾ ಆಯಿತು. 1996ರಲ್ಲಿ ಅಲ್ಲಿಯ ಸೌತಾಂಪ್ಟನ್ ಕಾಲೇಜು ಕರ್ಮಿಟ್ ಎಂಬ ಟೀವಿಯ ಗೊಂಬೆ ಕಪ್ಪೆಗೇ ಗೌರವ ಡಾಕ್ಟರೇಟ್ ಕೊಟ್ಟಿತು. ನಮ್ಮವರು ಗೊಂಬೆ ಆಡಿಸುವವರಿಗೆ ಕೊಟ್ಟರು, ಅವರು ಗೊಂಬೆಗೆ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಹಳ್ಳಿಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ. ಆ ಕಪ್ಪೆ ಇಲ್ಲಿ ಹುಟ್ಟಿದ್ದರೆ ಅದರ ಕಾರ್ಡೂ ನನ್ನಲ್ಲಿಗೇ ಬರುತ್ತಿತ್ತು: ಚಿ|| ಡಾ. ಕಪ್ಪೆ. ಮೊದಲ ಪ್ರೂಫಿನಲ್ಲಿ ‘ಡಾ.’ ಬಿಟ್ಟುಹೋಗಿರುತ್ತಿತ್ತು.

ನಾಡೋಜ ಬಂದರೂ ಜನ ಬಿಡುವುದಿಲ್ಲ ಅನ್ನಿ. ಕಾರ್ಯಕ್ರಮದ ಆಹ್ವಾನಪತ್ರಿಕೆ ತಂದವರು ‘ನಾಡೋಜ ಡಾ.’ ಅಂತ ಎರಡನ್ನೂ ಹಾಕಿಸುತ್ತಾರೆ. ಎರಡು ಯಾಕ್ರಿ ಅಂದರೆ, ಒಂದು ಇರಲಿ ಬಿಡ್ರಿ, ನಿಮ್ಮ ಗಂಟೇನು ಹೋಗುತ್ತೆ ಅನ್ನುತ್ತಾರೆ. ನನ್ನ ಗಂಟು ಹೋಗುವುದು ಸಾಲಿನಲ್ಲಿ. ಒಬ್ಬರ ಹೆಸರು ಹಿಗ್ಗಿದರೆ ಪಕ್ಕದವರದು ಕುಗ್ಗಬೇಕು. ವೇದಿಕೆಯ ಮೇಲೂ ಹಾಗೇ ಇರಬಹುದು, ನಾನು ಪತ್ರಿಕೆಯದ್ದು ಮಾತ್ರ ಬಲ್ಲೆ.

ಇರಲಿ. ಐನೂರು ಕಾರ್ಡಿನ ಕತೆಗೆ ಬರುತ್ತೇನೆ.

ಮತ್ತೆ ಅಚ್ಚು ಹಾಕುವುದಕ್ಕೆ ಆ ಕಾರ್ಡಿನ ಸ್ಟಾಕೇ ಇರಲಿಲ್ಲ. ಸ್ಟಿಕ್ಕರ್ ಹಚ್ಚಿದರೆ ಔಷಧಿ ಸೀಸೆಯ ಹಾಗೆ ಕಾಣುತ್ತದೆಂದು ಹುಡುಗ ಒಪ್ಪಲಿಲ್ಲ. ಕೊನೆಗೆ ರಬ್ಬರ್ ಸ್ಟಾಂಪು ಎಂದಾಯಿತು. ಬರೀ ‘ಡಾ.’ ಎಂಬ ಸ್ಟಾಂಪು. ಮಾಡಿಕೊಡುವವನು, “ಹೆಸರು ಯಾವುದು ಸಾರ್?” ಎಂದು ಎರಡು ಸಲ ಕೇಳಿದ. ಹೆಸರಿಲ್ಲ ಅಂದೆ. ಕನ್ನಡಕ ಏರಿಸಿ ನನ್ನನ್ನು ನೋಡಿ ನಲವತ್ತು ರೂಪಾಯಿ ಜಾಸ್ತಿ ತಗೊಂಡ.

ರಾತ್ರಿ ಊಟ ಮುಗಿಸಿ ಮನೆಯ ಪಡಸಾಲೆಯಲ್ಲಿ ಕೂತೆವು. ನಾನು ಒತ್ತುವವನು, ಮಷಿನ್ ಹುಡುಗ ಕಾರ್ಡು ಕೊಡುವವನು, ಹೆಂಡತಿ ತೆಗೆದು ನೆಲದ ಮೇಲೆ ಹರವುವವಳು. ಕಾರ್ಡು ನುಣುಪಿನದು, ಇಂಕು ಹೀರಿಕೊಳ್ಳದು. ಫ್ಯಾನ್ ಹಾಕಿದರೆ ಕಾರ್ಡು ಹಾರುತ್ತವೆ, ಆರಿಸಿದರೆ ನಾವು ಬೇಯುತ್ತೇವೆ. ನನ್ನ ಬೆವರು ಒಂದು ಕಾರ್ಡಿನ ಮೇಲೆ ತೊಟಕ್ಕೆಂದು ಬಿದ್ದು ಮದುಮಗನ ಇನಿಷಿಯಲ್ ಅಲುಕಿತು. ನೂರರ ತನಕ ಉತ್ಸಾಹವಿತ್ತು. ‘ಡಾ.’ ನೆಟ್ಟಗೆ ನಿಂತಿತು, ಸಾಲು ಹಿಡಿಯಿತು. ಇನ್ನೂರಕ್ಕೆ ಅದು ಸ್ವಲ್ಪ ವಾಲಿತು, ಗೌನಿನ ಟೋಪಿಯ ಹಾಗೆ. ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ಮೊಬೈಲಿನ ಬೆಳಕಿನಲ್ಲಿ ಒಂದು ಬೊಗಸೆ ಮಂಡಕ್ಕಿ ಒಗ್ಗರಣೆ ತಿಂದೆವು, ಎಣ್ಣೆಗೈ ಆಯಿತು, ತೊಳೆದು ಬಂದೆವು. ಮುನ್ನೂರೈವತ್ತರ ಹೊತ್ತಿಗೆ ‘ಡಾ.’ ಎಂಬುದು ಅಕ್ಷರವಾಗಿ ಕಾಣುವುದೇ ನಿಂತುಹೋಯಿತು. ಮೊಣಕಾಲು ಮಡಿಸಿ ಕೂತ ಯಾರೋ, ಮುಂದೊಂದು ಕಲ್ಲು.

“ಇಲ್ಲಿ ನೋಡ್ರಿ” ಎಂದಳು ಹೆಂಡತಿ, “ಅಜ್ಜಗೂ ಕೊಟ್ಟುಬಿಟ್ಟೀರಿ.”

ಆ ಕಾರ್ಡಿನಲ್ಲಿ ಮೇಲೆ ‘ಆಶೀರ್ವಾದಗಳೊಂದಿಗೆ’ ಎಂದು ತೀರಿಹೋದ ಹಿರಿಯರ ಪಟ್ಟಿ, ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಇರುವವರ ಪಟ್ಟಿ. ಮೇಲಿನ ಪಟ್ಟಿಯ ಕೊನೆಗೆ ಹುಡುಗಿಯ ಅಜ್ಜ, ಕೆಳಗಿನದರ ಮೊದಲಿಗೆ ಮಾವ. ನಡುವೆ ಇರುವುದು ಒಂದು ಸಣ್ಣ ತಲೆಬರಹ ಅಷ್ಟೆ. ನನ್ನ ಕೈ ಜಾರಿ ಮೇಲಿನ ಸಾಲಿಗೆ ಬಿದ್ದಿತ್ತು. ‘ಡಾ. ಲಿಂ. ಶ್ರೀ’ ಎಂದು ಅಜ್ಜ ಮೂರನ್ನೂ ಹೊತ್ತು ನಿಂತಿದ್ದರು. ಎಣಿಸಿದೆವು, ಅಂಥವು ಹನ್ನೊಂದು. ವೇಸ್ಟೇಜಿಗೆಂದು ಹೆಚ್ಚಿಗೆ ಹಾಕಿದ್ದರಲ್ಲಿ ಉಳಿದದ್ದು ಆರು ಕಾರ್ಡು. ಇನ್ನೈದಕ್ಕೆ ಏನೂ ಮಾಡುವಂತಿರಲಿಲ್ಲ. ಮಾವನ ಮುಂದೆಯೂ ಒಂದು ಒತ್ತಿ ಕಟ್ಟಿನ ನಡುವೆ ಸೇರಿಸಿಬಿಟ್ಟೆ. ಯಾವ ವಿಶ್ವವಿದ್ಯಾಲಯದ ಸಿಂಡಿಕೇಟೂ ಸೇರಲಿಲ್ಲ, ರಾಜ್ಯಪಾಲರ ಒಪ್ಪಿಗೆ ಬೇಕಾಗಲಿಲ್ಲ, ರಾತ್ರಿ ಒಂದೂವರೆಗೆ ನಮ್ಮ ಪಡಸಾಲೆಯಲ್ಲಿ ಮರಣೋತ್ತರ ಪದವಿ ಪ್ರದಾನವಾಯಿತು.

ಅಜ್ಜನನ್ನು ನಾನು ಚೆನ್ನಾಗಿ ಬಲ್ಲೆ. ಹತ್ತಿ ಮಾರ್ಕೆಟ್ಟಿನಲ್ಲಿ ಗುಮಾಸ್ತರಾಗಿದ್ದರು. ಅಂಡಿಗೆಯೊಳಗೆ ಕೈ ಹಾಕಿ ಒಂದು ಚಿಟಿಕೆ ತೆಗೆದು, ಎರಡೂ ಕೈಯ ಹೆಬ್ಬೆರಳಿನಲ್ಲಿ ಜಗ್ಗಿ, ಎಳೆಯ ಉದ್ದ ಹೇಳಿಬಿಡುತ್ತಿದ್ದರು. ಆಮೇಲೆ ಮಷಿನ್ನಿನಲ್ಲಿ ಅಳೆದರೂ ಅಷ್ಟೇ ಬರುತ್ತಿತ್ತಂತೆ.

ಕಾರ್ಡು ಹೋದವು. ಮದುವೆಯೂ ಆಯಿತು. ಸ್ಟಾಂಪು ಒತ್ತಿದ್ದಕ್ಕೆ ಕಾರ್ಡಿಗೆ ಐವತ್ತು ಪೈಸೆಯಂತೆ ಇನ್ನೂರೈವತ್ತು ರೂಪಾಯಿ ಬಿಲ್ಲು ಮಾಡಿದ್ದೆ, ಅದು ಇನ್ನೂ ಬಂದಿಲ್ಲ. ಡಾಕ್ಟರ್ ಸಾಹೇಬರು ಕೊಡ್ತಾರೆ ಎನ್ನುತ್ತಾನೆ ಹುಡುಗ. ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ. ಸುಳ್ಳು, ದುಡ್ಡಿಗೂ ಬಂತು. ಆದರೆ ಅದೇ ವಾರ ನಮ್ಮಲ್ಲಿಗೆ ಒಬ್ಬ ಹುಡುಗಿ ಪಿಎಚ್‌ಡಿ ಪ್ರಬಂಧ ಬೈಂಡ್ ಮಾಡಿಸಲು ಬಂದಿದ್ದಳು. 2010ರಲ್ಲಿ ಇಲ್ಲಿ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದಾಗಿನಿಂದ ಇಂಥ ಕೆಲಸ ನಮಗೆ ಆಗೀಗ ಬರುತ್ತದೆ. ಕಪ್ಪು ರೆಕ್ಸಿನ್ನು, ಮೇಲೆ ಬಂಗಾರದ ಅಕ್ಷರ. ಏಳು ವರ್ಷದ ಕೆಲಸ, ನಡುವೆ ಮದುವೆ, ಒಂದು ಕೂಸು. ಬಂಗಾರದ ಅಕ್ಷರಕ್ಕೆ ಜಾಸ್ತಿ ಆಗುತ್ತೆ ಅಂದದ್ದಕ್ಕೆ, ಹೆಸರು ಸಣ್ಣದು ಮಾಡ್ರಿ ಅಂಕಲ್, ವಿಷಯ ದೊಡ್ಡದಿರಲಿ ಎಂದಳು. ‘ಡಾ.’ ಹಾಕಲೇನಮ್ಮ ಎಂದು ನಾನು ಚೇಷ್ಟೆಗೆ ಕೇಳಿದರೆ ಹೆದರಿಬಿಟ್ಟಳು: “ಅಯ್ಯೋ ಬ್ಯಾಡ, ವೈವಾ ಇನ್ನೂ ಆಗಿಲ್ಲ!” ಸ್ಟಾಂಪು ಡ್ರಾಯರಿನಲ್ಲೇ ಇತ್ತು, ಅವಳ ಕೈಗೆ ಒಂದು ಒತ್ತಿ ಕಳಿಸಲೇ ಅನ್ನಿಸಿತು. ಬೈಂಡಿಂಗಿನಲ್ಲಿ ನೂರು ರೂಪಾಯಿ ಬಿಟ್ಟೆ. ಆಮೇಲೆ ಯಾಕೆ ಬಿಟ್ಟೆನೋ ಎಂದು ಎರಡು ದಿನ ಕೊರಗಿದೆ.

ತಿಂಗಳು ಕಳೆದಿರಬಹುದು. ಒಬ್ಬ ಮುದುಕರು ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅದೇ ಕಾರ್ಡು. ಐದರಲ್ಲಿ ಒಂದು. ನನಗೆ ಬಾಯಿ ಒಣಗಿತು.

“ಇದು ನೀನೇ ಏನಪ್ಪ ಮಾಡಿದ್ದು?”

“ಹೂಂ ಯಜಮಾನ್ರೇ, ಕುಂದ್ರಿ.”

ಕೂತರು. ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಮೇಲಿನ ಪಟ್ಟಿಯ ಕೊನೆಯ ಸಾಲಿಗೆ ಬೆರಳಿಟ್ಟರು. “ನಾನೂ ಅವ್ನೂ ನಲವತ್ತು ವರ್ಷ ಒಂದೇ ಅಂಗಡ್ಯಾಗ ದುಡಿದ್ವಿ. ಇವ್ನಿಗೆ ಇದ್ಯಾವಾಗ ಬಂತು?”

“ಈಗ… ಇತ್ತೀಚೆಗೆ ಕೊಟ್ಟಾರೆ.”

“ಹತ್ತಿ ನೋಡೋದ್ರಾಗೇನು?”

“ಹೂಂ, ಅದ್ರಾಗೇ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಾರ್ಡು ಮಡಿಸಿ ಜೇಬಿಗೆ ಹಾಕಿಕೊಂಡರು. “ಎಳಿ ನೋಡೋದು ಅವ್ನಿಗೆ ಕಲಿಸಿದ್ದು ನಾನು” ಎಂದರು. “ನನ್ನ ಹೆಸರು ಯಾರೂ ಹೇಳಿಲ್ಲೇನು ಅಲ್ಲಿ?”